ತಾಯಿಯ ಮಾತು ಡಾಕ್ಟರಿಗೆ ಮುಟ್ಟಲಿ

ಕೂಸು ಸುಮ್ಮಸುಮ್ಮನೆ ನಗತದ, ದಿನಕ್ಕ ಹತ್ತಾರು ಸಲ. ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿಗಳಲ್ಲಿ ಗಾಳಿ ಬಡಿದದ ಎಂದು ತಾಯತ ಕಟ್ಟಿಸ್ತಾರೆ. ಅದು ಮೂರ್ಛೆರೋಗದ ಒಂದು ಬಗೆಯೂ ಇರಬಹುದು. ಮಿದುಳಿನ ತಳದ ಹೈಪೋಥಲಾಮಸ್ ಎಂಬಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ಗಂಟು ಅದರ ಮೂಲ. ಮಾತ್ರೆಗೆ ಅದು ಬಗ್ಗುವುದು ಕಡಿಮೆ.

ಇಂಥ ಗಂಟಿಗೆ ಈಗ ಲೇಸರ್ ಚಿಕಿತ್ಸೆ ಬಂದಿದೆ. ಬುರುಡೆಯನ್ನು ಪೂರ್ತಿ ತೆರೆಯದೆ, ಸಣ್ಣ ತೂತಿನಿಂದ ತೆಳ್ಳನೆಯ ತಂತು ಇಳಿಸುತ್ತಾರೆ. ಶಾಖ ಎಲ್ಲಿಯತನಕ ಹರಡಿತೆಂದು ಎಂಆರ್‌ಐ ಯಂತ್ರದಲ್ಲಿ ನೋಡುತ್ತಲೇ ಗಂಟನ್ನು ಸುಡುತ್ತಾರೆ. ಅಮೆರಿಕದಲ್ಲಿ 2007ರಲ್ಲೇ ಇಂಥ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತ್ತು.

ಎಲ್ಲ ಮೂರ್ಛೆಗೂ ಇದು ನಡೆಯದು. ಮೂರ್ಛೆ ಹುಟ್ಟುವ ಜಾಗ ಇಂಥದ್ದೇ ಎಂದು ಗೊತ್ತಾಗಬೇಕು. ಅದಕ್ಕೆ ಯಂತ್ರವೊಂದೇ ಸಾಲದು, ಕಣ್ಣಾರೆ ಕಂಡವರ ಮಾತು ಬೇಕು: ಮೊದಲು ಯಾವ ಕೈ ಸೆಟೆಯಿತು? ಕಣ್ಣು ಯಾವ ಕಡೆ ಹೊರಳಿತು? ಕಂಡವಳು ತಾಯಿ. ಆಕೆಗೆ ಬರೋದು ಕನ್ನಡ, ದವಾಖಾನೆಯಲ್ಲಿ ಕೇಳೋದು ಮರಾಠಿಯಲ್ಲಿ. ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟುವ ನನಗೇ ಬ್ಯಾನಿ ಹೇಳುವಾಗ ನಾಲಿಗೆ ತಡವರಿಸ್ತದ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡ್ತಾರೆ, ಕನ್ನಡದಲ್ಲಿ ಕೇಳುವವರೂ ಇದ್ದಾರೆ. ಆದರೆ ನಮ್ಮ ರೇಷನ್ ಕಾರ್ಡು ಮಹಾರಾಷ್ಟ್ರದ್ದು. 2023ರಲ್ಲಿ ಮಹಾರಾಷ್ಟ್ರ ಸರಕಾರ ಕರ್ನಾಟಕದ 865 ಊರುಗಳಿಗೆ ತನ್ನ ಮಹಾತ್ಮಾ ಫುಲೆ ಆರೋಗ್ಯ ಯೋಜನೆ ಕೊಡಲು ಹೊರಟಾಗ ಕರ್ನಾಟಕ ಸರಕಾರ ಗುಡುಗಿತು. ಗುಡುಗಿದ್ದು ಸಾಕು, ಮಳೆಯೂ ಬರಲಿ. ಗಡಿಯಾಚೆಯ ಕನ್ನಡ ಕೂಸುಗಳನ್ನು ಬೀದರಿನಲ್ಲಿ ಪರೀಕ್ಷಿಸಿ, ಬೇಕಾದವರನ್ನು ನಿಮ್ಹಾನ್ಸ್‌ಗೆ ಕಳಿಸಿ, ಕರ್ನಾಟಕವೇ ಖರ್ಚು ಹೊರಲಿ.