ಚಿಪ್ಪಿನ ಗಾಯ ಓದಿದ ಬೆರಳು

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಗಣಿತದ ಪಕ್ಕದಲ್ಲೇ ಸಮಾಜಶಾಸ್ತ್ರ ಎಂದಿರುತ್ತದೆ. ವಿಜ್ಞಾನದ ದಿನ ರಾಜ್ಯಶಾಸ್ತ್ರ, ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ. ಈ ಹೆಸರುಗಳು ಅಲ್ಲಿ ಏಕಿವೆ ಎಂಬುದು ಪರೀಕ್ಷೆಗೆ ಕೂರುವ ಬಹುಪಾಲು ಮಕ್ಕಳಿಗೆ ಗೊತ್ತಿರುವುದಿಲ್ಲ. ಅಂಗವಿಕಲ ಮಕ್ಕಳು ಗಣಿತ, ವಿಜ್ಞಾನಗಳ ಬದಲಿಗೆ ಆರಿಸಿಕೊಳ್ಳಬಹುದಾದ ವಿಷಯಗಳವು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ರಿಯಾಯಿತಿ. ಬೇಕಾದವರಿಗೆ ಅದು ಇರಲೇಬೇಕು. ಆದರೆ ಗಣಿತವನ್ನು ಬ್ರೈಲ್‌ನಲ್ಲಿ ಕಲಿಸಬಲ್ಲ ಮೇಷ್ಟರೇ ಇಲ್ಲದ ಶಾಲೆಯಲ್ಲಿ ಆ ರಿಯಾಯಿತಿಯೊಂದೇ ದಾರಿಯಾಗಿಬಿಡುತ್ತದೆ. ಹದಿನೈದಕ್ಕೆ ಗಣಿತ ಬಿಟ್ಟ ಹುಡುಗಿ ಪಿಯುಸಿ ವಿಜ್ಞಾನದ ಅರ್ಜಿ ತುಂಬುವುದು ಹೇಗೆ?

ಫಲಿತಾಂಶದ ಮರುದಿನ ಅಂಧ ವಿದ್ಯಾರ್ಥಿಯೊಬ್ಬರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಅಮ್ಮ ಬಾಯಿಗೆ ಸಿಹಿ ಇಡುತ್ತಿರುತ್ತಾರೆ, ಕೆಳಗೆ ಛಲದ ಕತೆ ಇರುತ್ತದೆ. ಆ ಮಗುವಿನ ಸಂತೋಷ ನನ್ನದೂ ಹೌದು. ಆದರೂ ಅಂಥ ವರದಿಗಳಲ್ಲಿ ನಾನು ಹುಡುಕುವ ಸಂಗತಿ ಸಿಗುವುದಿಲ್ಲ. ವೃತ್ತಕ್ಕೆ ಎಳೆದ ಸ್ಪರ್ಶಕವನ್ನು ಆ ಹುಡುಗ ಹೇಗೆ ಅರ್ಥ ಮಾಡಿಕೊಂಡ? ದಾರ ಅಂಟಿಸಿದ ರಟ್ಟಿನ ಮೇಲೆ ಮುಟ್ಟಿ ನೋಡಿದನೇ? ಬೀಜಗಣಿತದ ಆವರಣ ಚಿಹ್ನೆಗಳನ್ನು ಅವನಿಗೆ ಓದಿ ಹೇಳಿದವರು ಯಾರು, ಹೇಗೆ ಓದಿದರು? ಮುಂದಿನ ವರ್ಷ ಪರೀಕ್ಷೆ ಬರೆಯುವ ಇನ್ನೊಂದು ಅಂಧ ಮಗುವಿಗೆ ಬೇಕಾದ್ದು ಇದೇ ವಿವರ. ಛಲವನ್ನು ಯಾರೂ ಯಾರಿಗೂ ಕಲಿಸಲಾಗದು, ವಿಧಾನವನ್ನು ಕಲಿಸಬಹುದು.

ಹಾಗಾಗಿ ಗೀರಟ್ ವರ್ಮೇ ಅವರ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅವರು 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದರು. ಗ್ಲಾಕೋಮಾದಿಂದಾಗಿ ಎಳವೆಯಲ್ಲೇ ಎರಡೂ ಕಣ್ಣುಗಳನ್ನು ತೆಗೆಸಬೇಕಾಯಿತು. ಕುಟುಂಬ ಅಮೆರಿಕದ ನ್ಯೂಜೆರ್ಸಿಗೆ ವಲಸೆ ಹೋಯಿತು. ಅಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿಯೊಬ್ಬರು ಫ್ಲಾರಿಡಾ ಕಡಲತೀರದಿಂದ ತಂದ ಚಿಪ್ಪುಗಳನ್ನು ತರಗತಿಯ ಕಿಟಕಿಯ ಮೇಲೆ ಸಾಲಾಗಿ ಇಟ್ಟಿದ್ದರು. ಹುಡುಗ ಅವನ್ನು ಕೈಯಲ್ಲಿ ಹಿಡಿದ. ತನ್ನೂರಿನ ತಣ್ಣನೆ ಸಮುದ್ರದ ಚಿಪ್ಪುಗಳು ಒರಟು, ಸುಣ್ಣದ ಹಾಗೆ ಪುಡಿಪುಡಿ. ಇವು ನುಣುಪು, ಅಂಚಿನಲ್ಲಿ ಕುಸುರಿ ಕೆಲಸ. ಬಿಸಿ ನೀರಿನ ಕಡಲಿನವು ಇಷ್ಟು ಚೆಂದ ಏಕೆ ಎಂಬ ಪ್ರಶ್ನೆ ಅಂದು ಹುಟ್ಟಿತು. ಇಡೀ ಬದುಕು ಆ ಪ್ರಶ್ನೆಯ ಬೆನ್ನಿಗೇ ಬಿತ್ತು.

ಮನೆಯವರು ಪುಸ್ತಕ ಓದಿ ಹೇಳಿದರು, ಚಿಪ್ಪುಗಳ ಹೆಸರನ್ನು ಬ್ರೈಲ್‌ನಲ್ಲಿ ಬರೆದುಕೊಟ್ಟರು. ಪ್ರಿನ್ಸ್‌ಟನ್‌ನಲ್ಲಿ ಪದವಿ ಮುಗಿಸಿ ಯೇಲ್ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಹೋದಾಗ ಸಂದರ್ಶಕರಿಗೆ ಅನುಮಾನ. ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಒಂದು ಚಿಪ್ಪನ್ನು ಕೈಗಿಟ್ಟರು, ವರ್ಮೇ ಸವರಿ ಅದರ ಹೆಸರು ಹೇಳಿದರು. ಇನ್ನೊಂದನ್ನು ಕೊಟ್ಟರು, ಅದಕ್ಕೂ ಹೆಸರು ಬಂತು. ಅಲ್ಲಿಗೆ ಅನುಮಾನ ಮುಗಿಯಿತು. ಸಂದರ್ಶನವನ್ನು ಹೀಗೂ ಮಾಡಬಹುದಲ್ಲ ಎಂದು ಆ ಪ್ರಾಧ್ಯಾಪಕರಿಗೆ ಹೊಳೆದದ್ದು ನನಗೆ ವರ್ಮೇ ಅವರ ಉತ್ತರದಷ್ಟೇ ದೊಡ್ಡದಾಗಿ ಕಾಣುತ್ತದೆ.

ಮುಂದೆ ಪೆಸಿಫಿಕ್‌ನ ದ್ವೀಪಗಳ ತೀರದಲ್ಲಿ, ಮೊಣಕಾಲುದ್ದ ನೀರಿನಲ್ಲಿ ಬರಿಗೈಯಲ್ಲಿ ಹುಡುಕುತ್ತಾ ಅವರು ಮುಟ್ಟಿದ್ದು ಚಿಪ್ಪುಗಳ ಮೇಲಿನ ಗಾಯಗಳನ್ನು. ಏಡಿ ಕೊಂಡಿಯಲ್ಲಿ ಹಿಡಿದು ಮುರಿದ ಅಂಚು, ಬದುಕಿಕೊಂಡ ಜೀವಿ ಅದನ್ನು ಮತ್ತೆ ಕಟ್ಟಿಕೊಂಡಾಗ ಉಳಿದ ಗೆರೆ. ದಪ್ಪ ಗೋಡೆ, ಕಿರಿದಾದ ಬಾಯಿ, ಗಂಟುಗಂಟಾದ ಬೆನ್ನು, ಇವೆಲ್ಲ ಕೊಲ್ಲುವವನ ಎದುರು ಕಟ್ಟಿಕೊಂಡ ಕೋಟೆ. ಬೇಟೆಗಾರನ ಕೊಂಡಿ ಬಲಿತಂತೆ ಬಲಿಯಾಗುವ ಪ್ರಾಣಿಯ ಕೋಟೆಯೂ ಬಲಿಯುತ್ತದೆ ಎಂಬುದನ್ನು ಅವರು ಪಳೆಯುಳಿಕೆಗಳ ಉದ್ದಕ್ಕೂ ತೋರಿಸಿಕೊಟ್ಟರು. ಡೈನೊಸಾರ್‌ಗಳ ಯುಗದಲ್ಲಿ ಕಡಲ ತಳದಲ್ಲಿ ನಡೆದ ಈ ಪೈಪೋಟಿಯ ಬಗ್ಗೆ ಅವರು 1977ರಲ್ಲಿ ಬರೆದ ಪ್ರಬಂಧವನ್ನು ಜೀವವಿಕಾಸ ಓದುವವರು ಇಂದಿಗೂ ಓದುತ್ತಾರೆ. 1992ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಕಣ್ಣಿದ್ದವರ ಗಮನವನ್ನು ಚಿಪ್ಪಿನ ಬಣ್ಣ, ಹೊಳಪು ಮೊದಲು ಸೆಳೆಯುತ್ತವೆ; ಅವರ ಬೆರಳಿಗೆ ಮೊದಲು ತಗಲಿದ್ದು ಮಾಯ್ದ ಗಾಯದ ಗೆರೆ. ಇದನ್ನು ಕುರುಡುತನ ಗೆದ್ದ ಕತೆ ಎಂದು ಹೇಳಿ ಮುಗಿಸಿದರೆ ಅವರ ವಿಜ್ಞಾನವೇ ಕೈಬಿಟ್ಟುಹೋಗುತ್ತದೆ.

ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರದ್ದೂ ಇಂಥದೇ ಕತೆ. ಅವರಿಗೆ ಆಟಿಸಂ ಇದೆ. ಮಾತು ಬಂದದ್ದು ಮೂರು ದಾಟಿದ ಮೇಲೆ. ಅಮೆರಿಕದ ಕಸಾಯಿಖಾನೆ, ದೊಡ್ಡ ದನದ ದೊಡ್ಡಿಗಳಲ್ಲಿ ಜಾನುವಾರುಗಳು ಬೆದರಿ ನಿಂತರೆ ಆಳುಗಳು ಚುಚ್ಚಿ, ಹೊಡೆದು ತಳ್ಳುತ್ತಿದ್ದರು. ಗ್ರಾಂಡಿನ್ ದನ ನಡೆಯುವ ಓಣಿಗೆ ತಾವೇ ಇಳಿದು, ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ತೂಗಾಡುವ ಸರಪಳಿ, ಬೇಲಿಯ ಮೇಲೆ ಯಾರೋ ನೇತುಹಾಕಿದ ಕೋಟು, ನೆಲದ ಮೇಲೆ ಬಿಸಿಲು ನೆರಳಿನ ಗೆರೆ. ಅಂಥ ಗೆರೆ ಕಂಡಲ್ಲಿ ಎತ್ತು ಕಾಲೂರಿ ನಿಂತುಬಿಡುವುದು ನಮ್ಮ ರೈತರಿಗೆ ಹೊಸ ಸುದ್ದಿಯಲ್ಲ. ಎಲ್ಲವನ್ನೂ ಚಿತ್ರಗಳಲ್ಲೇ ಯೋಚಿಸುವ ತಮ್ಮ ಮನಸ್ಸಿನಿಂದ ಅವರು ಬಾಗಿದ ಓಣಿಗಳನ್ನು ವಿನ್ಯಾಸ ಮಾಡಿದರು. ಉತ್ತರ ಅಮೆರಿಕದ ದೊಡ್ಡ ಕಸಾಯಿಖಾನೆಗಳ ಸುಮಾರು ಅರ್ಧದಷ್ಟು ದನಗಳು ಅವರ ವಿನ್ಯಾಸದ ವ್ಯವಸ್ಥೆಗಳಲ್ಲೇ ಸಾಗುತ್ತವೆ. ಆಟಿಸಂ ಇರುವವರೆಲ್ಲ ತಮ್ಮಂತೆಯೇ ಚಿತ್ರದಲ್ಲಿ ಯೋಚಿಸುತ್ತಾರೆ ಎಂದು ಮೊದಲು ನಂಬಿದ್ದ ಅವರು ಆಮೇಲೆ ಅದನ್ನು ತಿದ್ದಿಕೊಂಡರು. ಕೆಲವರದು ಸಂಖ್ಯೆ, ವಿನ್ಯಾಸಗಳ ಮನಸ್ಸು, ಕೆಲವರದು ಪದಗಳ ಮನಸ್ಸು. ಆಟಿಸಂ ಇರುವ ಪ್ರತಿ ಮಗುವಿನಲ್ಲೂ ಒಬ್ಬ ಗ್ರಾಂಡಿನ್‌ಳನ್ನು ಹುಡುಕಿ ಆ ಮಗುವನ್ನು ಸುಸ್ತು ಮಾಡುವ ತಂದೆತಾಯಿ ಈ ತಿದ್ದುಪಡಿಯನ್ನು ಗಮನಿಸಬೇಕು.

ಡಿಸ್ಲೆಕ್ಸಿಯಾ ಇರುವ ಜೀವವಿಜ್ಞಾನಿ ಕ್ಯಾರಲ್ ಗ್ರೈಡರ್ ಅವರಿಗೆ ಕಾಗುಣಿತ ಒಲಿಯುತ್ತಿರಲಿಲ್ಲ. ಪ್ರವೇಶ ಪರೀಕ್ಷೆಯ ಅಂಕ ಕಡಿಮೆ ಬಂದದ್ದಕ್ಕೆ ಹೆಚ್ಚಿನ ವಿಶ್ವವಿದ್ಯಾಲಯಗಳು ಬೇಡವೆಂದವು. ಬರ್ಕ್ಲಿ ಕರೆದು ಮಾತಾಡಿಸಿತು. ಅಲ್ಲೇ ಅವರು 1984ರ ಕ್ರಿಸ್‌ಮಸ್ ದಿನ ಪ್ರಯೋಗಾಲಯದಲ್ಲಿ ಟೆಲೊಮರೇಸ್ ಕಿಣ್ವದ ಮೊದಲ ಗುರುತು ಕಂಡರು. 2009ರಲ್ಲಿ ನೊಬೆಲ್ ಬಂತು.

ನಮ್ಮವರೇ ಆದ ಕಂಪ್ಯೂಟರ್ ವಿಜ್ಞಾನಿ ಟಿ.ವಿ. ರಾಮನ್ ಪುಣೆಯವರು. ಹದಿನಾಲ್ಕಕ್ಕೆ ಪೂರ್ತಿ ದೃಷ್ಟಿ ಹೋಯಿತು. ಮುಂಬೈ ಐಐಟಿಯಲ್ಲಿ ಓದಿ ಕಾರ್ನೆಲ್‌ಗೆ ಹೋದರು. ಗಣಿತದ ಸಮೀಕರಣವನ್ನು ಯಂತ್ರ ಗಟ್ಟಿಯಾಗಿ ಓದುವುದು ಹೇಗೆ ಎಂಬುದೇ 1994ರ ಅವರ ಪಿಎಚ್.ಡಿ. ವಿಷಯ. ಘಾತಾಂಕ ಬಂದಾಗ ದನಿ ಏರುತ್ತದೆ, ಕೆಳಗೆ ಬರೆದ ಅಂಕಿಗೆ ದನಿ ಇಳಿಯುತ್ತದೆ. ಮುಂದೆ ಗೂಗಲ್‌ನಲ್ಲಿದ್ದಾಗ, ಗುಂಡಿಗಳಿಲ್ಲದ ಫೋನಿನಲ್ಲಿ ನೋಡದೆ ನಂಬರ್ ಒತ್ತುವ ಉಪಾಯ ಕಂಡುಕೊಂಡರು. ಬೆರಳು ಮೊದಲು ಎಲ್ಲಿ ತಗಲುತ್ತದೋ ಅದೇ 5. ಉಳಿದ ಅಂಕಿಗಳು ಅದರ ಸುತ್ತ.

ಇವರ ನಂತರದ ತಲೆಮಾರಿನ ಅಂಧ ವಿದ್ಯಾರ್ಥಿ ಶ್ರೀಕಾಂತ್ ಬೊಲ್ಲಾ ಆಂಧ್ರದಲ್ಲಿ ಹನ್ನೊಂದನೇ ತರಗತಿಗೆ ವಿಜ್ಞಾನ ಸೇರಲು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಆಮೇಲೆ ಎಂಐಟಿ ಅವರನ್ನು ಕರೆದು ಸೀಟು ಕೊಟ್ಟಿತು. ಅವರಂತೆಯೇ ಅಂಧರಾದ ದಿಲ್ಲಿಯ ಕಾರ್ತಿಕ್ ಸಾಹ್ನಿಗೆ ಐಐಟಿ ಪ್ರವೇಶ ಪರೀಕ್ಷೆ ಬರೆಯಲು ಅವಕಾಶವೇ ಸಿಗಲಿಲ್ಲ. ಅವರು ಸ್ಟ್ಯಾನ್‌ಫರ್ಡ್‌ಗೆ ಹೋದರು. ಇಂಥವರನ್ನು ಹೊರದೇಶಕ್ಕೆ ಕಳಿಸಿ, ಗೆದ್ದು ಬಂದ ಮೇಲೆ ಹಾರ ಹಾಕುವುದು ನಮಗೆ ಶೋಭೆಯಲ್ಲ.

ಅದಕ್ಕೇ ನನಗೆ ಬೆಂಗಳೂರಿನ ವಿದ್ಯಾ ವೈ. ಅವರ ಕೆಲಸದ ಮೇಲೆ ಹೆಚ್ಚು ಭರವಸೆ. ಹುಟ್ಟಿನಿಂದ ಅಂಧರಾದ ಅವರು ಐಐಐಟಿ ಬೆಂಗಳೂರಿನಲ್ಲಿ ಚಿನ್ನದ ಪದಕ ಪಡೆದು, ಜೊತೆಗಾರರೊಡನೆ ವಿಷನ್ ಎಂಪವರ್ ಸಂಸ್ಥೆ ಕಟ್ಟಿದರು. ಗಣಿತ, ವಿಜ್ಞಾನದ ಪಾಠಗಳನ್ನು ಅಂಧ ಮಕ್ಕಳು ಮುಟ್ಟಿ, ಕೇಳಿ ಕಲಿಯುವಂತೆ ಸಿದ್ಧಪಡಿಸುವುದು, ಅಂಧರ ಶಾಲೆಯ ಶಿಕ್ಷಕರಿಗೆ ತರಬೇತಿ ಕೊಡುವುದು ಅದರ ಕೆಲಸ. ರಾಯಚೂರಿನ ಮಗುವಿಗೆ ಅಮೆರಿಕದ ವರ್ಮೇ ಒಂದು ಹೆಸರು ಮಾತ್ರ. ಕನ್ನಡದಲ್ಲೇ ಮಾತಾಡುವ, ಅದೇ ಶಾಲೆಗಳಿಗೆ ಬಂದು ಹೋಗುವ ವಿದ್ಯಾ ಅವರನ್ನಾದರೆ ಅಡ್ಡ ಹಾಕಿ ಕೇಳಬಹುದು: ಅಕ್ಕಾ, ಗ್ರಾಫ್ ಹೇಗೆ ಓದಿದಿರಿ?

ಪಿಯು ಕಾಲೇಜಿನ ಪ್ರಾಂಶುಪಾಲರು ಕೇಳುವ ಪ್ರಶ್ನೆ ಬೇರೆ. ಲ್ಯಾಬಿನಲ್ಲಿ ಏನು ಮಾಡುತ್ತಾನೆ, ಬಣ್ಣ ಬದಲಾದದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಇದು ನ್ಯಾಯವಾದ ಪ್ರಶ್ನೆಯೇ, ಉತ್ತರವೂ ಇದೆ. ಅಮೆರಿಕದ ಅಂಧ ರಸಾಯನ ವಿಜ್ಞಾನಿ ಕ್ಯಾರಿ ಸುಪಾಲೊ ಮತ್ತವರ ಸಂಗಡಿಗರು ಪ್ರನಾಳದೊಳಗೆ ಇಳಿಬಿಡುವ ಬೆಳಕಿನ ಸಂವೇದಕವೊಂದನ್ನು ರೂಪಿಸಿದ್ದಾರೆ. ದ್ರಾವಣದ ಬಣ್ಣ ಮಾರಿದಂತೆ ಅದರ ದನಿ ಏರಿಳಿಯುತ್ತದೆ. ಮಾತಾಡುವ ಉಷ್ಣಮಾಪಕ, ಮಾತಾಡುವ ತಕ್ಕಡಿ ಸಿಗುತ್ತವೆ. ಜಿಲ್ಲೆಗೊಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಇಂಥ ಒಂದು ಮೇಜು, ಅದನ್ನು ಬಳಸಲು ಕಲಿತ ಒಬ್ಬ ಉಪನ್ಯಾಸಕ, ಪ್ರೌಢಶಾಲೆಯಲ್ಲಿ ಬ್ರೈಲ್ ಗಣಿತ ಬಲ್ಲ ಒಬ್ಬ ಮೇಷ್ಟರು. ಬರುವ ಜೂನ್‌ನ ದಾಖಲಾತಿಗೆ ಮೊದಲು ಶಿಕ್ಷಣ ಇಲಾಖೆ ಇಷ್ಟು ಮಾಡಲಿ.