ಮೊದಲ ದಿನಕ್ಕೂ ಮೊದಲೇ ಹೊರಗೆ

ಸಿಇಟಿ ಸೀಟು ಸಿಕ್ಕ ಮಕ್ಕಳಿಗೆ ಎಂಜಿನಿಯರಿಂಗ್ ಕಾಲೇಜೊಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶ ನನ್ನ ಮುಂದಿದೆ. ಇಡೀ ಸಂದೇಶ ಇಂಗ್ಲಿಷಿನಲ್ಲಿದೆ. ಸ್ವಾಗತ ಸಮಾರಂಭಕ್ಕೆ ಎರಡು ವಾರ ಮೊದಲು ಬ್ರಿಡ್ಜ್ ಕೋರ್ಸ್ ನಡೆಯುತ್ತದಂತೆ. ಗಣಿತ, ಕೋಡಿಂಗ್, ಇಂಗ್ಲಿಷ್ ಮಾತುಗಾರಿಕೆ, ಸೀನಿಯರ್‌ಗಳ ಜೊತೆ ಒಡನಾಟ, ಒಂದು ದಿನ ಟ್ರೆಕ್ಕಿಂಗ್. ಇಷ್ಟವಿದ್ದವರು ಸೇರಬಹುದು, ಕಡ್ಡಾಯವೇನಿಲ್ಲ. ಶುಲ್ಕ ಬೇರೆ ಕಟ್ಟಬೇಕು. ಲ್ಯಾಪ್‌ಟಾಪ್ ತರಬೇಕು. ಹಾಸ್ಟೆಲ್ ಇನ್ನೂ ತೆರೆದಿರುವುದಿಲ್ಲ, ವಸತಿ ನಿಮ್ಮದೇ ಹೊಣೆ.

ಯಾರನ್ನು ಕರೆದಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ತಿಳಿಯಲು ಕೊನೆಯ ಮೂರು ಸಾಲು ಸಾಕು. ಬೆಂಗಳೂರಿನಲ್ಲಿ ಮನೆಯಿದ್ದವರು ಬರುತ್ತಾರೆ. ಮಗನನ್ನು ಎರಡು ವಾರ ಪಿಜಿಯಲ್ಲಿಡಲು ದುಡ್ಡಿದ್ದವರು ಬರುತ್ತಾರೆ. ಒಂಬತ್ತನೇ ಕ್ಲಾಸಿನಲ್ಲೇ ಕೋಡಿಂಗ್ ಕಲಿತವರು, ಅಪ್ಪನೋ ಅಕ್ಕನೋ ಎಂಜಿನಿಯರ್ ಆಗಿರುವವರು, ಇಂಗ್ಲಿಷನ್ನು ಮನೆಯಲ್ಲೇ ಆಡುವವರು ಬರುತ್ತಾರೆ. ಹೊಂದಿಕೊಳ್ಳುವುದಕ್ಕೆ ಯಾರ ಸಹಾಯವೂ ಬೇಡವಾದವರಿಗೆ ಹೊಂದಿಕೊಳ್ಳುವ ಶಿಬಿರ! ಎರಡು ವಾರ ಮುಗಿಯುವಷ್ಟರಲ್ಲಿ ತರಗತಿಯ ಗ್ರೂಪು ಆಗಿರುತ್ತದೆ, ಲ್ಯಾಬ್‌ನಲ್ಲಿ ಯಾರ ಪಕ್ಕ ಯಾರು ನಿಲ್ಲಬೇಕು ಎಂಬುದು ತೀರ್ಮಾನವಾಗಿರುತ್ತದೆ, ಯಾವ ಮೇಷ್ಟ್ರಿಗೆ ಯಾರ ಹೆಸರು ಗೊತ್ತಿರಬೇಕೋ ಗೊತ್ತಾಗಿರುತ್ತದೆ.

ಆಮೇಲೆ ಬರುತ್ತಾರೆ ಉಳಿದವರು. ಒಂದು ಟ್ರಂಕು, ಹಾಸಿಗೆಯ ಸುರುಳಿ, ಪ್ಲಾಸ್ಟಿಕ್ ಕವರಿನಲ್ಲಿ ಪ್ರಮಾಣಪತ್ರಗಳು.

ನಾನು ಪಾಠ ಮಾಡುವ ತರಗತಿಯಲ್ಲಿ ಶಹಾಪುರ ಕಡೆಯ ಹುಡುಗಿಯೊಬ್ಬಳು ಕಡೇ ಬೆಂಚಿನಲ್ಲಿ ಕೂರುತ್ತಿದ್ದಳು. ಒಂದರಿಂದ ಹತ್ತರವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಅಪ್ಪ, ಅವ್ವ ವರ್ಷಕ್ಕೆ ಆರು ತಿಂಗಳು ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರು. ತರಗತಿ ಶುರುವಾದ ಮೊದಲ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಸರ್, ಎಲ್ಲಾರಿಗೂ ಎಲ್ಲಾರೂ ಮೊದ್ಲೇ ಗುರ್ತ ಅದಾರ್ರಿ. ನಾ ಲೇಟ್ ಬಂದೀನೇನ್ರಿ?" ಅವಳು ಬಂದದ್ದು ಸರ್ಕಾರದ ಆದೇಶದಲ್ಲಿದ್ದ ಮೊದಲ ದಿನ, ಗಂಟೆ ಹೊಡೆಯುವುದಕ್ಕೂ ಮುಂಚೆ.

ಆ ಎರಡು ವಾರ ಅವಳೇನು ಮಾಡುತ್ತಿದ್ದಳು? ಹತ್ತಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಬಸ್ ಚಾರ್ಜಿಗೆ, ಡ್ರಾಫ್ಟರಿಗೆ, ಲ್ಯಾಬ್ ಕೋಟಿಗೆ ಆ ಕೂಲಿಯೇ ಆಗಬೇಕಿತ್ತು. ನಡುವೆ ಕೂಲಿ ಬಿಟ್ಟು ನಾಡಕಚೇರಿಗೆ ಅಲೆದಳು. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಸರಿಯಿದ್ದರೆ ವಿದ್ಯಾರ್ಥಿವೇತನದ ಪೋರ್ಟಲ್ಲು ತೆರೆಯುವುದಿಲ್ಲ, ಪೋರ್ಟಲ್ಲು ತೆರೆದರೆ ಆಧಾರ್ ಬ್ಯಾಂಕಿಗೆ ಜೋಡಣೆಯಾಗಿಲ್ಲ ಎನ್ನುತ್ತದೆ, ಓಟಿಪಿ ಹೋಗುವುದು ಬೆಂಗಳೂರಿನ ಸೈಟಿನಲ್ಲಿರುವ ಅಪ್ಪನ ಮೊಬೈಲಿಗೆ. ಸರ್ಕಾರಿ ಹಾಸ್ಟೆಲ್ಲಿಗೆ ಅರ್ಜಿ ಹಾಕಲು ಕಾಲೇಜಿಗೆ ಸೇರಿದ ದಾಖಲೆ ಬೇಕು. ಕಾಲೇಜಿಗೆ ಸೇರಿದರೆ ತರಗತಿ ಶುರುವಾಗಿಬಿಡುತ್ತದೆ. ಹಾಸ್ಟೆಲ್ಲಿನ ಆಯ್ಕೆಪಟ್ಟಿ ಹೊರಬೀಳುವುದು ಅದಾಗಿ ಎಷ್ಟೋ ವಾರದ ಮೇಲೆ. ಅಲ್ಲಿಯವರೆಗೆ ಸಂಬಂಧಿಕರ ಶೆಡ್ಡೋ, ಪರಿಚಯದವರ ರೂಮಿನ ಮೂಲೆಯೋ. ಇಂಥವಳಿಗೆ 'ಇಷ್ಟವಿದ್ದರೆ ಬಾ' ಎನ್ನುವವರು ಅವಳಿಗೆ ಇಷ್ಟವಿಲ್ಲ ಎಂದುಕೊಂಡು ನೆಮ್ಮದಿಯಾಗಿರುತ್ತಾರೆ. ನನಗೆ ಹೊಟ್ಟೆಯೊಳಗೆ ಬೆಂಕಿ ಬೀಳುವುದು ಇಲ್ಲಿ.

ಮೊದಲ ದಿನ ಸಭಾಂಗಣದಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಪರಿಚಯ ಹೇಳಿಸುತ್ತಾರೆ. ಹೆಸರು, ಊರು, ಓದಿದ ಶಾಲೆ, ಹವ್ಯಾಸ. ಎರಡು ವಾರದ ತಾಲೀಮಾದವರು ನೀರು ಕುಡಿದಷ್ಟು ಸಲೀಸಾಗಿ ಹೇಳಿ ಕೂರುತ್ತಾರೆ. ಹವ್ಯಾಸ ಎಂಬ ಪ್ರಶ್ನೆಗೆ, ಬಿಡುವಿನಲ್ಲಿ ಕೂಲಿಗೆ ಹೋಗುವ ಹುಡುಗ ಏನು ಹೇಳಬೇಕು? ಸಂಜೆ ಕಾಲೇಜು ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ: "ನಿನ್ನ ರ್‍ಯಾಂಕ್ ಎಷ್ಟು?" ಅದು ರ್‍ಯಾಂಕಿನ ಪ್ರಶ್ನೆ ಎಂದು ನಂಬುವವರು ನಂಬಲಿ. ಜಾತಿ ಕೇಳಲು ಧೈರ್ಯವಿಲ್ಲದವರು ಕಂಡುಕೊಂಡ ದಾರಿ ಅದು, ಕೇಳಿಸಿಕೊಂಡ ಪ್ರತಿ ಮಗುವಿಗೂ ಅದು ಗೊತ್ತಿದೆ. ಉತ್ತರ ಕೊಟ್ಟ ರಾತ್ರಿಯಿಂದ ಊಟದ ಟೇಬಲ್ಲು ಬೇರೆಯಾಗುತ್ತದೆ.

ಇದೇನು ನನ್ನ ಕಲ್ಪನೆಯೇ? ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿ ನೋಡಲು ಸುಖದೇವ್ ಥೋರಟ್ ನೇತೃತ್ವದಲ್ಲಿ ನೇಮಿಸಿದ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ದೇಶದ ಹೆಸರಾಂತ ವೈದ್ಯಕೀಯ ಸಂಸ್ಥೆಯ ಹಾಸ್ಟೆಲ್ಲುಗಳಲ್ಲಿ ದಲಿತ, ಆದಿವಾಸಿ ಮಕ್ಕಳು ಕಿರುಕುಳ ತಾಳದೆ ಒಂದೆಡೆ ಗುಂಪುಗೂಡಿ ಬದುಕುತ್ತಿದ್ದ ಸಂಗತಿ ಅದರಲ್ಲಿ ದಾಖಲಾಗಿದೆ. 2023ರ ಫೆಬ್ರವರಿಯಲ್ಲಿ ಐಐಟಿ ಬಾಂಬೆಯಲ್ಲಿ ಹದಿನೆಂಟರ ಹರೆಯದ ದಲಿತ ವಿದ್ಯಾರ್ಥಿಯೊಬ್ಬ ಸತ್ತ. ಬಿ.ಟೆಕ್‌ಗೆ ಸೇರಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಕುಟುಂಬ ಜಾತಿ ತಾರತಮ್ಯ ಎಂದಿತು. ಸಂಸ್ಥೆಯ ಸಮಿತಿ ಓದಿನಲ್ಲಿ ಹಿಂದೆ ಬಿದ್ದದ್ದನ್ನು ಮುಂದೆ ಮಾಡಿತು. ಸಮಿತಿಯ ಮಾತನ್ನೇ ಒಪ್ಪೋಣ ಎಂದಿಟ್ಟುಕೊಳ್ಳಿ. ದೇಶದ ಅತಿ ಕಠಿಣ ಪ್ರವೇಶ ಪರೀಕ್ಷೆ ದಾಟಿ ಬಂದ ಹುಡುಗ ನಾಲ್ಕು ತಿಂಗಳಿಗೆ ಹಿಂದೆ ಬಿದ್ದ ಎಂದರೆ, ಆ ನಾಲ್ಕು ತಿಂಗಳು ಅವನ ಪಕ್ಕದಲ್ಲಿ ಯಾರಿದ್ದರು? ಅದಕ್ಕೂ ಮೊದಲು ಯಾರಿದ್ದರು?

ಕಾಗದದ ಮೇಲೆ ಎಲ್ಲವೂ ಇದೆ. ಎಐಸಿಟಿಇ ಮೂರು ವಾರದ ಪ್ರವೇಶ ಕಾರ್ಯಕ್ರಮವನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಗೊತ್ತುಮಾಡಿದೆ. ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಎಂಬ ಮಾರ್ಗದರ್ಶಿ ತಂದಿತು. ಹೊಸಬರನ್ನು ಸಣ್ಣ ಗುಂಪು ಮಾಡಿ, ಪ್ರತಿ ಗುಂಪಿಗೊಬ್ಬ ಅಧ್ಯಾಪಕನನ್ನು ಕೊಟ್ಟು ನಂಟು ಬೆಳೆಸಬೇಕು ಎನ್ನುವಂಥ ಒಳ್ಳೆಯ ಮಾತುಗಳೇ ಅದರಲ್ಲಿವೆ. ನಾನು ಕಂಡ ಕಾಲೇಜುಗಳಲ್ಲಿ ಅದು ಸಭಾಂಗಣದ ಭಾಷಣವಾಗಿ, ಹಾರ ತುರಾಯಿಯಾಗಿ, ಪ್ಲೇಸ್‌ಮೆಂಟ್ ಅಧಿಕಾರಿಯ ಸ್ಲೈಡುಗಳಾಗಿ ಮುಗಿಯುತ್ತದೆ. ಎಲ್ಲರಿಗೂ ಸಲ್ಲಬೇಕಾದದ್ದನ್ನು ಹೀಗೆ ಬರಿದು ಮಾಡಿ, ಅದರ ತಿರುಳನ್ನು ಅದಕ್ಕೂ ಎರಡು ವಾರ ಮೊದಲು ದುಡ್ಡಿಗೆ ಮಾರುತ್ತಾರೆ.

ಈ ಪೂರ್ವಶಿಬಿರಗಳ ತವರು ಅಮೆರಿಕ. ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ತರಗತಿಗೆ ಮೊದಲು ಕಾಡು ಬೆಟ್ಟ ಸುತ್ತಿಸುವ ಪದ್ಧತಿ 1935ರಲ್ಲೇ ಶುರುವಾಯಿತು. ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈಗಲೂ ಚಾರಣ, ಕಲೆ, ಸೇವೆ ಎಂದು ಬಗೆಬಗೆಯ ಶಿಬಿರಗಳಿವೆ, ಬೇಕಾದವರು ಬೇಕಾದ್ದಕ್ಕೆ ಸೇರಬಹುದು. ಆಗ ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಸಮಾಜಶಾಸ್ತ್ರಜ್ಞ ಆ್ಯಂಟನಿ ಅಬ್ರಹಾಂ ಜಾಕ್ 2019ರಲ್ಲಿ 'ದಿ ಪ್ರಿವಿಲೇಜ್ಡ್ ಪೂರ್' ಎಂಬ ಪುಸ್ತಕ ತಂದರು. ಸ್ವತಃ ಬಡ ಕರಿಯರ ಮನೆಯಿಂದ ಓದಿ ಬಂದವರು. ತಾವು ಅಧ್ಯಯನ ಮಾಡಿದ ವಿಶ್ವವಿದ್ಯಾಲಯದ ನಿಜ ಹೆಸರು ಹೇಳದೆ ಅವರು ಬರೆದ ಒಂದು ವಿವರ ಓದಿ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದೆ. ಅಲ್ಲಿ ಸಿರಿವಂತರ ಮಕ್ಕಳು ಬೆಟ್ಟ ಹತ್ತಲು ಹೋದ ಅದೇ ದಿನಗಳಲ್ಲಿ ಬಡವರ ಮಕ್ಕಳು ಇನ್ನೊಂದು ಪೂರ್ವಶಿಬಿರಕ್ಕೆ ಸೇರುತ್ತಿದ್ದರು. ಅವರದು ವಿದ್ಯಾರ್ಥಿನಿಲಯದ ಕೋಣೆ ಗುಡಿಸುವ, ಕಕ್ಕಸು ತೊಳೆಯುವ ಶಿಬಿರ. ಸೇರಲು ದುಡ್ಡು ಕೊಡಬೇಕಿಲ್ಲ, ಬದಲಿಗೆ ಕೂಲಿ ಸಿಗುತ್ತದೆ, ಅದಕ್ಕೇ ಸೇರುತ್ತಿದ್ದರು. ನಾಳೆ ಪಕ್ಕದಲ್ಲಿ ಕೂರಬೇಕಾದ ಸಹಪಾಠಿಯ ಕಕ್ಕಸನ್ನು ಇವತ್ತು ಉಜ್ಜಿ ಇಡುವುದು ಅವರ ಸ್ವಾಗತವಾಗಿತ್ತು. ಪೊರಕೆಯನ್ನು ಹುಟ್ಟಿನಿಂದಲೇ ಕೆಲವರ ಕೈಗೆ ಕೊಟ್ಟ ನಾಡಿನವನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದೇ ಅಮೆರಿಕದಲ್ಲಿ ಇನ್ನೊಂದು ಚರಿತ್ರೆಯೂ ಇದೆ, ಅದನ್ನು ನಮ್ಮ ಹುಡುಗರು ಓದಬೇಕು. 1969ರ ಏಪ್ರಿಲ್ 22ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಸಿಟಿ ಕಾಲೇಜಿನ ದಕ್ಷಿಣ ಆವರಣದ ಗೇಟುಗಳಿಗೆ ಕರಿಯ ಮತ್ತು ಪೋರ್ಟೊ ರಿಕೊ ಮೂಲದ ವಿದ್ಯಾರ್ಥಿಗಳು ಬೀಗ ಜಡಿದರು. ಐದು ಬೇಡಿಕೆಗಳಿದ್ದವು. ನಗರದ ಶಾಲೆಗಳಲ್ಲಿ ತಮ್ಮ ಜನ ಎಷ್ಟಿದ್ದಾರೋ ಕಾಲೇಜಿನಲ್ಲೂ ಅಷ್ಟಿರಬೇಕು ಎಂಬುದು ಒಂದು. ತಮ್ಮ ಹೊಸ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಪ್ರವೇಶ ಶಿಬಿರ ಬೇಕು ಎಂಬುದು ಇನ್ನೊಂದು. ಇನ್ನೂ ಒಂದು ಬೇಡಿಕೆ ಸೀಕ್ ಎಂಬ ಕಾರ್ಯಕ್ರಮದ ಆಡಳಿತದಲ್ಲಿ ವಿದ್ಯಾರ್ಥಿಗಳ ಮಾತು ನಡೆಯಬೇಕು ಎಂಬುದು. ಬಡ ಮಕ್ಕಳಿಗೆ ಪಾಠದ ಆಸರೆಯನ್ನೂ ಕೈಖರ್ಚಿಗೆ ಭತ್ಯೆಯನ್ನೂ ಕೊಡುತ್ತಿದ್ದ ಆ ಕಾರ್ಯಕ್ರಮದಲ್ಲಿ ಆಡ್ರೆ ಲಾರ್ಡ್, ಜೂನ್ ಜೋರ್ಡನ್, ಟೋನಿ ಕೇಡ್ ಬಂಬಾರಾರಂಥ ಬರಹಗಾರ್ತಿಯರು ಪಾಠ ಹೇಳಿದರು. ಮುಂದಿನ ವರ್ಷ, 1970ರಲ್ಲಿ, ನಗರದ ವಿಶ್ವವಿದ್ಯಾಲಯದ ಬಾಗಿಲು ನಗರದಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ತೆರೆಯಿತು. ಮೊದಲ ದಿನ ಹೇಗಿರಬೇಕು ಎಂಬುದಕ್ಕೂ ಜನ ಬೀದಿಗಿಳಿದಿದ್ದಾರೆ.

ನಮ್ಮಲ್ಲಿಯೂ ಇದಕ್ಕಾಗಿ ದುಡಿದವರಿದ್ದಾರೆ. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಜಾತಿ ಜಾತಿಯ ಬಡ ಮಕ್ಕಳಿಗೆ ಹಾಸ್ಟೆಲ್ ಕಟ್ಟಿಸುತ್ತಾ ಹೋದರು, ಏಕೆಂದರೆ ಹಳ್ಳಿಯ ಹುಡುಗ ಪಟ್ಟಣದಲ್ಲಿ ಓದಬೇಕಾದರೆ ಮೊದಲು ಮಲಗಲು ಜಾಗ, ಉಣ್ಣಲು ಅನ್ನ ಬೇಕು ಎಂಬುದು ಅವರಿಗೆ ತಿಳಿದಿತ್ತು. ಅಂಬೇಡ್ಕರ್ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ್ದು 1924ರಲ್ಲಿ. ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದರು. ಮುಂದೆ ನಮ್ಮ ಧಾರವಾಡದಲ್ಲೂ ಅವರ ಶಿಕ್ಷಣ ಸಂಸ್ಥೆಯ ಹಾಸ್ಟೆಲ್ ನಡೆಯಿತು. ಕವಿ ಸಿದ್ಧಲಿಂಗಯ್ಯ ಓದಿ ಬೆಳೆದದ್ದು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನ ಆಸರೆಯಲ್ಲಿ. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್ಲುಗಳು ಜಿಲ್ಲೆ ಜಿಲ್ಲೆಗೆ ಹಬ್ಬಿದವು. ಆ ಹಾಸ್ಟೆಲ್ಲುಗಳಿಂದ ಬಂದವರೇ ಈ ನಾಡಿನ ಚಳವಳಿ ಕಟ್ಟಿದರು, ಸಾಹಿತ್ಯದ ದಿಕ್ಕು ತಿರುಗಿಸಿದರು. ಹೊಸ ಹುಡುಗನಿಗೆ ಅಲ್ಲಿ ಶಿಬಿರ ಬೇಕಿರಲಿಲ್ಲ. ಎರಡನೇ ವರ್ಷದವನು ಲೈಬ್ರರಿ ಕಾರ್ಡು ಮಾಡಿಸಿಕೊಡುತ್ತಿದ್ದ, ಮೂರನೇ ವರ್ಷದವನು ಇಂಗ್ಲಿಷ್ ಅರ್ಜಿ ತಿದ್ದುತ್ತಿದ್ದ, ಯಾರೂ ಅವನ ರ್‍ಯಾಂಕ್ ಕೇಳುತ್ತಿರಲಿಲ್ಲ.

ಇವತ್ತಿನ ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದು ಹೇಳಬೇಡಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲಿಟ್ಟು ಸೀಟು ಹಂಚುತ್ತಿರುವುದು ಇದೇ ಸರ್ಕಾರ. ಆ ಮಕ್ಕಳು ಪಟ್ಟಣದ ಮಕ್ಕಳ ಜೊತೆ ಸಮನಾಗಿ ನಿಂತಿಲ್ಲ ಎಂದು ಕಾನೂನಿನಲ್ಲೇ ಒಪ್ಪಿಕೊಂಡಿದೆ. ಒಪ್ಪಿಕೊಂಡು ಸೀಟು ಕೊಟ್ಟಿದೆ. ಸೀಟು ಕೊಟ್ಟ ಮಧ್ಯಾಹ್ನವೇ ಕೈತೊಳೆದುಕೊಂಡಿದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗಿಗೆ ಗಣಿತ ಬರುತ್ತದೆ. ಕನ್ನಡದಲ್ಲಿ ಕೇಳಿದರೆ ಕೈ ಬರೆಯುತ್ತದೆ, ಇಂಗ್ಲಿಷಿನಲ್ಲಿ ಕೇಳಿದರೆ ಕೈ ನಿಲ್ಲುತ್ತದೆ. ಹತ್ತು ದಿನ ಕನ್ನಡ ಬಲ್ಲ ಮೇಷ್ಟ್ರೊಬ್ಬ ಪಕ್ಕದಲ್ಲಿ ಕೂತು ಎರಡೂ ಮಾತನ್ನು ಸೇರಿಸಿ ಹೇಳಿದರೆ ಮುಗಿಯುವ ಕೆಲಸ ಅದು. ಮಾಡದೇ ಇದ್ದುದರಿಂದ ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋಗುತ್ತದೆ, ಎರಡನೆಯದರಲ್ಲಿ ಬ್ಯಾಕ್‌ಲಾಗು ಬೆಳೆಯುತ್ತದೆ, ಮೂರನೆಯದಕ್ಕೆ ಅಪ್ಪ ಬಂದು ಟ್ರಂಕು ಹೊತ್ತುಕೊಂಡು ಹೋಗುತ್ತಾನೆ. ಆಮೇಲೆ ನಮ್ಮ ಸ್ಟಾಫ್ ರೂಮಿನಲ್ಲೇ ಯಾರೋ ಹೇಳುತ್ತಾರೆ, ಕೋಟಾದವರ ಹಣೆಬರಹವೇ ಇಷ್ಟು ಎಂದು. ನಾಚಿಕೆಗೆಟ್ಟ ಮಾತು. ಆ ಮಾತು ಆಡಿದವರ ಎದುರೇ ನಾನು ಇದನ್ನು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ನಾವು ಕೇಳುತ್ತಿರುವುದು ದಾನವನ್ನಲ್ಲ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿದ ದಿನವೇ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲ್ಲುಗಳ ಬಾಗಿಲು ತೆರೆಯಬೇಕು. ಸೀಟಿನ ಪತ್ರವೇ ಹಾಸ್ಟೆಲ್ಲಿನ ಪತ್ರವಾಗಬೇಕು. ಪೂರ್ವಶಿಬಿರಕ್ಕೆ ಯಾವ ಕಾಲೇಜೂ ಒಂದು ರೂಪಾಯಿ ವಸೂಲಿ ಮಾಡಕೂಡದು. ಕೂಲಿ ಬಿಟ್ಟು ಬಂದ ಮಗುವಿಗೆ ಶಿಬಿರದ ಅಷ್ಟೂ ದಿನದ ಕೂಲಿಯನ್ನು ಭತ್ಯೆಯಾಗಿ ಕೊಡಬೇಕು, ನ್ಯೂಯಾರ್ಕಿನಲ್ಲಿ ಅರವತ್ತರ ದಶಕದಲ್ಲಿ ಕೊಟ್ಟದ್ದನ್ನು ಇಲ್ಲಿ ಇವತ್ತು ಕೊಡಲಾಗದೇ? ಪಾಠ ಕನ್ನಡದಿಂದ ಶುರುವಾಗಬೇಕು. ಮಾರ್ಗದರ್ಶಿಗಳಾಗಿ ಅದೇ ಹಾಸ್ಟೆಲ್ಲಿನ ಹಿರಿಯ ವಿದ್ಯಾರ್ಥಿಗಳು ಇರಬೇಕು, ಅವರ ದುಡಿಮೆಗೂ ಸಂಬಳ ಸಿಗಬೇಕು. ರ್‍ಯಾಂಕ್ ಕೇಳುವುದನ್ನು ರ್‍ಯಾಗಿಂಗ್ ಎಂದು ಬರೆದು ಗೋಡೆಗೆ ಅಂಟಿಸಬೇಕು, ಕೇಳಿದವನ ಮೇಲೆ ದೂರು ದಾಖಲಾಗಬೇಕು.

ಬಜೆಟ್ಟಿಲ್ಲ ಎಂಬ ಉತ್ತರ ಬರುತ್ತದೆ. ರಜೆಯಲ್ಲಿ ಹಾಸ್ಟೆಲ್ಲಿನ ಕೋಣೆಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತವೆ. ಹೊರಗುತ್ತಿಗೆಯ ಅಡುಗೆಯವರು ಆ ದಿನಗಳಲ್ಲಿ ಕೆಲಸವಿಲ್ಲದೆ ಸಂಬಳಕ್ಕಾಗಿ ಧರಣಿ ಕೂರುತ್ತಾರೆ. ಬೀಗ ತೆಗೆಯಿರಿ, ಅವರನ್ನು ಕೆಲಸಕ್ಕೆ ಕರೆಯಿರಿ, ಎರಡು ವಾರ ಮೊದಲೇ ಒಲೆ ಹಚ್ಚಿಸಿ, ಈ ವರ್ಷದ ಪ್ರವೇಶ ಪಟ್ಟಿ ಹೊರಬೀಳುವುದಕ್ಕೆ ಮುಂಚೆಯೇ ಆದೇಶ ಹೊರಡಿಸಿ.