ದಾರಿ ಹೇಳುವ ಗಡಿಯಾರ

ಅಪರಿಚಿತ ಬಡಾವಣೆಯಲ್ಲಿ ಮದುವೆಯ ಮನೆಯನ್ನು ಹುಡುಕುತ್ತ ಹೊರಟವರು ಹಿಂದೆ ಮೂಲೆಯಂಗಡಿಯವನನ್ನು ವಿಚಾರಿಸುತ್ತಿದ್ದರು. ಈಗ ಕೈಯಲ್ಲಿರುವ ಫೋನನ್ನು ವಿಚಾರಿಸುತ್ತಾರೆ. ಅಂಗಡಿಯವನಾದರೋ ಬೀದಿಯನ್ನು ಕಣ್ಣಾರೆ ಬಲ್ಲವನು. ಫೋನು ತಾನೆಲ್ಲಿದ್ದೇನೆಂಬುದನ್ನು ತಿಳಿಯುವುದು ಆಕಾಶದಲ್ಲಿ ತೇಲುತ್ತಿರುವ ಗಡಿಯಾರಗಳಿಂದ ಎಂದರೆ ವಾಚಕರು ನಂಬುವರೇ?

ಈ ವಿದ್ಯೆಯ ಮೂಲ 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಸ್ಪುಟ್ನಿಕ್‌ನಲ್ಲಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಗಯ್ಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ತರುಣರು ಅದರ ರೇಡಿಯೋ ದನಿಗೆ ಕಿವಿಗೊಟ್ಟು ಕುಳಿತರು. ರೈಲು ನಮ್ಮತ್ತ ಬರುವಾಗ ಅದರ ಸಿಳ್ಳು ಏರುದನಿಯಲ್ಲಿಯೂ, ದಾಟಿ ಹೋದಮೇಲೆ ಇಳಿದನಿಯಲ್ಲಿಯೂ ಕೇಳಿಸುವುದಷ್ಟೆ? ಉಪಗ್ರಹದ ದನಿಯಲ್ಲಿಯೂ ಅಂತಹುದೇ ಏರಿಳಿತವಿತ್ತು. ಅದನ್ನು ಅಳೆದು, ಕುಳಿತಲ್ಲಿಂದಲೇ ಉಪಗ್ರಹದ ಪಥವನ್ನು ಅವರು ಗುಣಿಸಿ ತೆಗೆದರು. 1958ರಲ್ಲಿ ಅದೇ ಪ್ರಯೋಗಾಲಯದ ಫ್ರಾಂಕ್ ಮೆಕ್ಲೂರ್ ಪ್ರಶ್ನೆಯನ್ನೇ ತಿರುಗಿಸಿದರು: ಉಪಗ್ರಹದ ಪಥ ಮೊದಲೇ ತಿಳಿದಿದ್ದರೆ, ಕೇಳುವವನು ಎಲ್ಲಿದ್ದಾನೆಂಬುದನ್ನು ಕಂಡುಹಿಡಿಯಬಾರದೇಕೆ? ಇದರಿಂದ ಹುಟ್ಟಿದ ಟ್ರಾನ್ಸಿಟ್ ವ್ಯವಸ್ಥೆ 1964ರಲ್ಲಿ ಅಮೆರಿಕದ ನೌಕಾದಳಕ್ಕೆ ದಾರಿದೀಪವಾಯಿತು.

ಬಳಿಕ ಬಂದ ಜಿ.ಪಿ.ಎಸ್. ದನಿಯ ಏರಿಳಿತಕ್ಕಿಂತ ಹೆಚ್ಚಾಗಿ ಕಾಲವನ್ನೇ ನೆಚ್ಚಿತು. ಅದರ ಮೊದಲ ಉಪಗ್ರಹ ಮೇಲೇರಿದುದು 1978ರಲ್ಲಿ. ಪ್ರತಿಯೊಂದು ಉಪಗ್ರಹವೂ ತನ್ನ ಪರಮಾಣು ಗಡಿಯಾರದ ವೇಳೆಯನ್ನು ಸಾರುತ್ತಿರುತ್ತದೆ. ಆ ಸಂಕೇತ ನಮ್ಮನ್ನು ಮುಟ್ಟಲು ಹಿಡಿದ ಕಾಲದಿಂದ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ಸ್ಥಳವನ್ನು ನಿರ್ಣಯಿಸಿದರೆ, ನಾಲ್ಕನೆಯದು ನಮ್ಮ ಕೈಯಲ್ಲಿರುವ ಅಗ್ಗದ ಗಡಿಯಾರದ ತಪ್ಪನ್ನು ತಿದ್ದುತ್ತದೆ. ಲೆಕ್ಕ ಸರಳ, ಶಿಸ್ತು ಮಾತ್ರ ಕಠಿಣ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುತ್ತದೆ! ಐನ್‌ಸ್ಟೈನರ ಸಿದ್ಧಾಂತದಂತೆ, ಅಷ್ಟು ಎತ್ತರದಲ್ಲಿ ಅಷ್ಟು ವೇಗದಿಂದ ಸುತ್ತುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಅಂತಹ 38 ಪಾಲುಗಳಷ್ಟು ಮುಂದೋಡುತ್ತದೆ. ಅದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹೀಗಿರುವಾಗ ಗಡಿಯಾರ ಯಾರದೋ ದಾರಿಯೂ ಅವರ ಮರ್ಜಿಯದೇ. 2000ದ ಮೇ ತಿಂಗಳವರೆಗೂ ಅಮೆರಿಕ ತನ್ನ ಉಪಗ್ರಹಗಳ ವೇಳೆಯನ್ನು ಬೇಕೆಂದೇ ತುಸು ಕದಲಿಸಿ, ಸಾರ್ವಜನಿಕರಿಗೆ ಸಿಗುವ ಉತ್ತರವನ್ನು ನೂರು ಮೀಟರಿನವರೆಗೂ ಮಸುಕುಗೊಳಿಸುತ್ತಿತ್ತು. ಉಚಿತವಾಗಿ ದೊರೆಯುವ ವಸ್ತುವಿಗೂ ಒಡೆಯನೊಬ್ಬನಿರುತ್ತಾನೆ.

ನಮ್ಮ ದೇಶ ತನ್ನದೇ ವ್ಯವಸ್ಥೆಯನ್ನು ಕಟ್ಟಲು ಹೊರಟುದು ಇದರಿಂದಲೇ ಅರ್ಥಪೂರ್ಣ. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. 2016ರಲ್ಲಿ ವ್ಯವಸ್ಥೆಗೆ 'ನಾವಿಕ್' ಎಂದು ನಾಮಕರಣವಾಯಿತು. ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಅದರ ಸಂಚಾರ ಕೇಂದ್ರವಿದೆ. ಹಾಸನದಲ್ಲಿ ನಿಯಂತ್ರಣ ಕೇಂದ್ರವಿದೆ. ಆದರೆ ಮೊದಲ ಉಪಗ್ರಹದಲ್ಲಿದ್ದ, ಯೂರೋಪಿನಿಂದ ತರಿಸಿದ ಮೂರು ಪರಮಾಣು ಗಡಿಯಾರಗಳೂ ಕೆಟ್ಟವು. ಉಪಗ್ರಹ ಬಾನಿನಲ್ಲಿದ್ದರೂ ವೇಳೆ ಹೇಳಲಾರದಾಯಿತು. ವೇಳೆ ಹೇಳಲಾರದುದು ದಾರಿಯನ್ನೂ ಹೇಳಲಾರದು.

ಸೋಲು ಪಾಠ ಕಲಿಸಿತು. 2023ರ ಮೇ 29ರಂದು ಹಾರಿದ ಉಪಗ್ರಹ ಭಾರತದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರವನ್ನು ಹೊತ್ತೊಯ್ದಿತು. ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ; 2025ರ ಜನವರಿಯಲ್ಲಿ ಹೊರಟ ಅದರ ತಮ್ಮ ತನಗೆ ಗೊತ್ತುಮಾಡಿದ ಕಕ್ಷೆಯನ್ನು ಸೇರಲಾರದೆ ಹೋಯಿತು. ಆದರೂ ಗಡಿಯಾರ ಮಾಡುವ ಕೈ ನಮ್ಮದಾಗಿದೆ. ಅದು ಅಲ್ಪ ಲಾಭವಲ್ಲ.

ಮುಂದಿನ ಸಲ ಮದುವೆಯ ಮನೆ ಸುಲಭವಾಗಿ ಸಿಕ್ಕಾಗ, ತಲೆಯ ಮೇಲೆ ಎಲ್ಲಿಯೋ ಸರಿಯಾಗಿ ನಡೆಯುತ್ತಿರುವ ಗಡಿಯಾರಗಳನ್ನು ಒಮ್ಮೆ ನೆನೆಯಿರಿ. ಮುಹೂರ್ತಕ್ಕೆ ತಡವಾಗದಂತೆ ಕಾದವುಗಳು ಅವೇ.